ಕಬಡ್ಡಿಯ ತಾತ್ಪೂರ್ತಿಕ ಪಟ್ಟಿ

ಸೂಚನಾ ಫಲಕಕ್ಕೆ ಒಂದು ಹಾಳೆ ಹಚ್ಚಿದರೆ ಸಾಕು, ನಮ್ಮ ಊರಿನಲ್ಲಿ ಏನಾದರೊಂದು ಆಗದೆ ಇರುತ್ತಿರಲಿಲ್ಲ. ಹಚ್ಚದೆ ಬಿಟ್ಟರೂ ಆಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಎಂಬತ್ತರ ದಶಕದಲ್ಲಿ ನಾನು ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಹೈಸ್ಕೂಲು, ಜೂನಿಯರ್ ಕಾಲೇಜು ಎರಡೂ ಒಂದೇ ಕಟ್ಟಡದಲ್ಲಿದ್ದವು. ಲೆಕ್ಕ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕಾಲೇಜಿನ ಕಬಡ್ಡಿ ತಂಡದ ವ್ಯವಸ್ಥೆಯನ್ನು ನನಗೆ ಒಪ್ಪಿಸಿದ್ದರು. ಆಟ ನನಗೆ ಬರುತ್ತಿರಲಿಲ್ಲ. ನೋಡಲು ಮಾತ್ರ ಊರಿಗೆ ಊರೇ ಬರುತ್ತಿತ್ತು. ಸಂಶಿಯಿಂದ ಬಸ್ಸಿನಲ್ಲಿ, ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಯಲ್ಲಿ, ಹತ್ತಿ ಬಿಡಿಸುವುದನ್ನು ಒಂದು ದಿನ ಮುಂದೆ ಹಾಕಿ ಬರುತ್ತಿದ್ದರು. ಅವರಿಗೆ ತಾರೀಖು ಮೊದಲೇ ಗೊತ್ತಿರಬೇಕಾಗಿತ್ತು. ಆದರೆ ಪಕ್ಕಾ ತಾರೀಖು ಹುಬ್ಬಳ್ಳಿಯಿಂದ ಟಪಾಲಿನಲ್ಲಿ ಬರುವುದು ಪಂದ್ಯಕ್ಕೆ ನಾಲ್ಕು ದಿನ ಮೊದಲು. ಒಮ್ಮೊಮ್ಮೆ ಪಂದ್ಯ ಮುಗಿದ ಮರುದಿನ.

ಅದಕ್ಕಾಗಿ ಅಂದಾಜಿನ ತಾರೀಖುಗಳ ಒಂದು ತಾತ್ಪೂರ್ತಿಕ ಪಟ್ಟಿಯನ್ನಾದರೂ ಹಂಗಾಮಿನ ಮೊದಲೇ ಹಚ್ಚಬೇಕು ಎಂಬುದು ನನ್ನ ಹಟ. ಖಚಿತವಿಲ್ಲದ್ದನ್ನು ಮಂದಿಗೆ ತಿಳಿಸಿದರೆ ರಗಳೆ ತಪ್ಪದು, ಹಚ್ಚಲೇಬಾರದು ಎಂಬುದು ಪ್ರಾಚಾರ್ಯರ ಹಟ. ಮೂರು ವರ್ಷ ಆ ಹಾಳೆಯ ಆಯುಷ್ಯ ನಮ್ಮಿಬ್ಬರ ನಡುವೆ ತೂಗಾಡಿತು.

ಕಪಾಟು

ಮೊದಲ ಪಟ್ಟಿಯನ್ನು ನಾನು ಬಹಳ ಎಚ್ಚರಿಕೆಯಿಂದ ಬರೆದೆ. ಮೇಲೆ ಕೆಂಪು ಶಾಯಿಯಲ್ಲಿ ‘ತಾತ್ಪೂರ್ತಿಕ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಕಡೆಯಲ್ಲಿ ‘ಬದಲಾವಣೆ ಆಗಬಹುದು’ ಎಂದು ಸೇರಿಸಿದೆ. ಇಷ್ಟಾದ ಮೇಲೆ ಯಾರಿಗೂ ಯಾವ ಅನುಮಾನವೂ ಉಳಿಯಲಾರದು ಎಂದು ನಂಬಿದ್ದೆ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಅವರು ಪಟ್ಟಿಯನ್ನು ಮೊದಲು ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ ಓದಿ ನನ್ನ ಕಡೆ ತಿರುಗಿದರು.

“ಮಾಸ್ತರ, ಬದಲಾಗೂದು ನಿಮಗ ಮೊದಲ ಗೊತ್ತೈತಿ ಅಂದಮ್ಯಾಲ, ಬದಲಾದದ್ದನ್ನ ಬರದುಬಿಡಬೇಕಿಲ್ರಿ?”

ಏನು ಬದಲಾಗುತ್ತದೆ ಎಂಬುದು ನನಗೂ ಗೊತ್ತಿಲ್ಲ ಎಂದೆ. ಅವರು ನಕ್ಕರು. ಆ ನಗೆಯಲ್ಲಿ ನಂಬಿಕೆ ಇರಲಿಲ್ಲ. ಸಂಜೆಯೊಳಗೆ ಚಹಾದಂಗಡಿಯಲ್ಲಿ ಒಂದು ತೀರ್ಮಾನ ಆಗಿಹೋಗಿತ್ತು: ಫಲಕದ ಮೇಲಿರುವುದು ಮಂದಿಗೆ ತೋರಿಸುವ ಪಟ್ಟಿ, ಖರೇ ಪಟ್ಟಿ ಮಾಸ್ತರರ ಕಪಾಟಿನಲ್ಲಿದೆ.

ಮರುದಿನ ಏಳು ಜನ ಹಿರಿಯರು ಕಾಲೇಜಿಗೆ ಬಂದರು. ನಾನು ಕಪಾಟಿನ ಬೀಗ ತೆಗೆದೆ. ಒಳಗೆ ಗಾಳಿ ಹೋದ ಎರಡು ಚೆಂಡು, ಒಂದು ಸೀಟಿ, ಕಾಲು ಮುರಿದ ಕೇರಂ ಸ್ಟ್ಯಾಂಡು, ಒಂದು ಡಬ್ಬಿ ಸುಣ್ಣದ ಪುಡಿ ಇದ್ದವು. ಒಬ್ಬರು ಚೆಂಡನ್ನೂ ಅದುಮಿ ನೋಡಿದರು. ಎಲ್ಲ ನೋಡಿ, ನಮಸ್ಕಾರ ಹೇಳಿ, ಸಮಾಧಾನವಾದಂತೆ ಹೊರಟರು.

ಬಾಗಿಲು ದಾಟಿದ ಮೇಲೆ ಕಾಕಾ ಉಳಿದವರಿಗೆ ಹೇಳಿದ್ದು ನನಗೆ ಕೇಳಿಸಿತು. “ಕೇಳಿದ ಕೂಡಲೆ ಬೀಗ ತಗದ ನೋಡ್ರಿ. ಅಂದ್ರ ರಾತ್ರಿನ ಮನಿಗೆ ಒಯ್ದಾನ.”

ಪೆನ್ಸಿಲ್ಲು

ಬದಲಾಗಬಹುದಾದದ್ದನ್ನು ಶಾಯಿಯಲ್ಲಿ ಬರೆಯುವುದು ಸರಿಯಲ್ಲ ಎಂದು ನನಗೇ ಅನ್ನಿಸಿತು. ಪಟ್ಟಿಯನ್ನು ಹೊಸದಾಗಿ ಬರೆದೆ. ತಂಡಗಳ ಹೆಸರು ಶಾಯಿಯಲ್ಲಿ, ತಾರೀಖು ಪೆನ್ಸಿಲ್ಲಿನಲ್ಲಿ. ಇದರಿಂದ ಆದ ಅನಾಹುತಕ್ಕೆ ನಾನೇ ಹೊಣೆ.

ಅಣ್ಣಿಗೇರಿಯ ತಂಡದೊಡನೆ ಪಂದ್ಯ ಏಳನೇ ತಾರೀಖಿಗಿತ್ತು. ಒಂದು ಮುಂಜಾನೆ ನೋಡುತ್ತೇನೆ, ಫಲಕದ ಮೇಲೆ ಅದು ಒಂಬತ್ತು ಆಗಿದೆ. ಯಾರೋ ರಬ್ಬರಿನಿಂದ ನಾಜೂಕಾಗಿ ಅಳಿಸಿ ತಿದ್ದಿದ್ದರು. ನಾನು ತಿರುಗಿ ಏಳು ಮಾಡಿದೆ. ಮರುದಿನ ಮತ್ತೆ ಒಂಬತ್ತು. ಆ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಒಂಬತ್ತು ಎಂದೇ ಸುದ್ದಿ ಹೋಗಿತ್ತು.

ಏಳನೇ ತಾರೀಖು ಅಣ್ಣಿಗೇರಿಯವರು ಬಸ್ಸಿನಿಂದ ಇಳಿದಾಗ ಮೈದಾನದಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಮೈದಾನದ ಬಾಜು ಹಂದರ ಹಾಕಿತ್ತು. ಅಲ್ಲಿ ಮದುವೆ. ಊರೆಲ್ಲ ಅದರೊಳಗೆ ಕೂತಿತ್ತು. ಆಟದ ತೀರ್ಪು ಕೊಡುವ ಪಂಚರು ಸೀಟಿ ಊದಿದರು. ಹಂದರದಿಂದ ಒಬ್ಬರು ಹಣಿಕಿಕ್ಕಿದರು. ಎರಡನೇ ಸೀಟಿಗೆ ಹಂದರ ಅರ್ಧ ಖಾಲಿಯಾಯಿತು. ಅಕ್ಷತೆ ಹಿಡಿದವರು ಹಿಡಿದ ಕೈಯಲ್ಲೇ ಬಂದಿದ್ದರು. ನಮ್ಮ ಹುಡುಗನೊಬ್ಬ ಎದುರಿನ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದ ಕ್ಷಣ ಒಳಗೆ ಗಟ್ಟಿಮೇಳ ಬಾರಿಸಿತು. ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಮಂದಿ ಅವನ ತಲೆಯ ಮೇಲೆ ಹಾಕಿದರು.

ಮದುವಣಗಿತ್ತಿಯ ಅಣ್ಣ ನೆಟ್ಟಗೆ ನನ್ನ ಬಳಿಗೆ ಬಂದ. ಹದಿನೈದು ವರ್ಷಗಳ ಹಿಂದೆ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ನನ್ನ ಕೈಯಲ್ಲೇ ಕಲಿತವನು. ಬೇಕೆಂದೇ ಮುಹೂರ್ತಕ್ಕೆ ಪಂದ್ಯ ಇಟ್ಟಿದ್ದೀರಿ, ಇದರಲ್ಲಿ ಯಾರದೋ ಕೈವಾಡ ಇದೆ ಎಂದ. ನಾನು ಅವನನ್ನು ಫಲಕದ ಹತ್ತಿರ ಕರೆದುಕೊಂಡು ಹೋಗಿ ಆ ಒಂಬತ್ತನ್ನು ತೋರಿಸಿದೆ. ಅಂಥ ದುಂಡನೆಯ ಒಂಬತ್ತನ್ನು ಸ್ಲೇಟಿನ ಮೇಲೆ ನೂರು ಸಲ ಬರೆಸಿದವನು ನಾನೇ ಅಲ್ಲವೇ?

ಅವನು ತಗ್ಗಿದ ದನಿಯಲ್ಲಿ ಹೇಳಿದ. “ಅಷ್ಟು ಛಂದ ಬರಿಯಾಕ ಕಲಿಸಬಾರದಿತ್ತರಿ ಸರ್. ತಪ್ಪು ನಿಮ್ಮದ.”

ಮನೆಯ ಪ್ರತಿ

ಪಟ್ಟಿಯ ಒಂದು ಕಾರ್ಬನ್ ಪ್ರತಿಯನ್ನು ಮನೆಗೆ ಒಯ್ಯುತ್ತಿದ್ದೆ. ನನ್ನ ಹೆಂಡತಿಯ ತವರು ಬಮ್ಮಿಗಟ್ಟಿ. ಅವಳ ಮೂವರು ಅಣ್ಣಂದಿರೂ ಕಬಡ್ಡಿ ಆಡಿದವರು. ಆ ವರ್ಷ ಅವಳು ಹಾಸಿಗೆ ಹಿಡಿದಿದ್ದಳು. ಮೈದಾನಕ್ಕೆ ಬರುವಂತಿರಲಿಲ್ಲ. ಆದರೂ ಯಾವತ್ತು ಯಾರ ಜೊತೆ ಪಂದ್ಯ ಎಂಬುದು ಗೊತ್ತಿರಬೇಕು ಎನ್ನುತ್ತಿದ್ದಳು.

ಅವಳಿಗೂ ಅನುಮಾನವೇ. ತನಗೆ ಸಮಾಧಾನವಾಗಲೆಂದು ನಾನು ಎರಡು ಪಂದ್ಯ ಹೆಚ್ಚಿಗೆ ಬರೆದಿರಬಹುದು ಎಂದು ಆಕೆಯ ಲೆಕ್ಕ. ಬಾಜೂ ಮನೆಯ ಅಕ್ಕನ ಕೈಯಲ್ಲಿ ಪ್ರತಿ ಕೊಟ್ಟು, ಫಲಕದ ಪಟ್ಟಿಯ ಜೊತೆ ತಾಳೆ ನೋಡಿ ಬಾ ಎಂದು ಕಳಿಸಿದಳು. ಒಂದು ತಪ್ಪು ಸಿಕ್ಕಿತು. ಪಂದ್ಯ ಹೆಚ್ಚಾಗಿರಲಿಲ್ಲ, ಒಂದು ಬಿಟ್ಟುಹೋಗಿತ್ತು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನಿಗೆ ಅದನ್ನು ಎರಡು ದಿನ ಹೇಳಿ ಹೇಳಿ ನಕ್ಕಳು.

ಹುಬ್ಬಳ್ಳಿಯ ಡಾಕ್ಟರು ಒಳ್ಳೆಯವರು. ಆದರೆ ಎಷ್ಟು ಸಲ ಕೇಳಿದರೂ ಈಗಲೇ ಏನೂ ಹೇಳಲಿಕ್ಕೆ ಬರುವುದಿಲ್ಲ ಎನ್ನುತ್ತಿದ್ದರು. ಒಮ್ಮೆ ಅವರಲ್ಲಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. “ಮ್ಯಾಲ ಕೆಂಪ ಶಾಯಿಲೆ ‘ತಾತ್ಪೂರ್ತಿಕ’ ಅಂತ ಬರದು ಒಂದು ತಾರೀಖು ಕೊಡಾಕ ಏನು ಧಾಡಿರಿ ಅವರಿಗೆ?”

ಬಸ್ಸಿನಲ್ಲಿದ್ದವರು ತಿರುಗಿ ನೋಡುವಷ್ಟು ನಕ್ಕೆವು. ಆ ಹಂಗಾಮಿನ ಕೊನೆಯ ಎರಡು ಪಂದ್ಯಗಳು ಪಟ್ಟಿಯಲ್ಲಿದ್ದ ತಾರೀಖಿಗೇ ನಡೆದವು. ಆಕೆ ಇರಲಿಲ್ಲ.

ನಿಂಬೆಹಣ್ಣು

ಮದುವೆಯ ಪ್ರಕರಣ ಪ್ರಾಚಾರ್ಯರ ಮನಸ್ಸಿನಿಂದ ಹೋಗಿರಲಿಲ್ಲ. ಎರಡನೇ ವರ್ಷ ಅವರು ಪಟ್ಟಿಯನ್ನು ನಿಲ್ಲಿಸಿಬಿಟ್ಟರು. ಪಂದ್ಯದ ಹಿಂದಿನ ದಿನ ಡಂಗುರ ಸಾರಿದರೆ ಸಾಕು, ಇನ್ನು ಊರು ತಣ್ಣಗಿರುತ್ತದೆ ಎಂದರು. ವಾದ ಮಾಡುವ ಶಕ್ತಿ ಆಗ ನನಗೆ ಇರಲಿಲ್ಲ.

ಊರು ತಣ್ಣಗಿರಲಿಲ್ಲ. ಮಂದಿ ಪಟ್ಟಿಯನ್ನು ಓದುವುದು ಬಿಟ್ಟು ನನ್ನನ್ನು ಓದತೊಡಗಿದರು. ನಾನು ದಾಡಿ ಮಾಡಿಸಿಕೊಂಡರೆ ಪಂದ್ಯ ಹತ್ತಿರ ಬಂತು ಎಂದು ಅರ್ಥ. ಕಾಲೇಜಿನ ಸಿಪಾಯಿ ಸುಣ್ಣದ ಡಬ್ಬಿ ತೊಳೆದರೆ ಇನ್ನು ಎರಡೇ ದಿನ. ಹಿಂದಿನ ಓಣಿಯ ಇಬ್ಬರು ನಿವೃತ್ತರು ನಾನು ಸಂತೆಯಲ್ಲಿ ಏನು ಕೊಳ್ಳುತ್ತೇನೆಂದು ಹಿಂದೆಯೇ ನಿಂತು ನೋಡುತ್ತಿದ್ದರು.

ಒಂದು ಸಂತೆಯ ದಿನ ನಾನು ಎರಡು ಡಜನ್ ನಿಂಬೆಹಣ್ಣು ಕೊಂಡೆ. ಅರ್ಧ ಆಟ ಮುಗಿದಾಗ ಆಟಗಾರರಿಗೆ ನಿಂಬೆಹಣ್ಣಿನ ಹೋಳು ಕೊಡುವುದು ನಮ್ಮಲ್ಲಿ ರೂಢಿ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೈದಾನದ ಸುತ್ತ ನೂರು ಜನ. ಸಂಶಿಯ ಬಸ್ಸಿನಿಂದಲೂ ಇಳಿದಿದ್ದರು. ಪ್ರಾಚಾರ್ಯರು ಹೊರಗೆ ಬಂದು ಇವತ್ತು ಪಂದ್ಯವಿಲ್ಲ ಎಂದರು. ಯಾರೂ ಏಳಲಿಲ್ಲ. ಗುಟ್ಟಾಗಿ ಆಡಿಸುವ ವಿಚಾರ ಇರಬೇಕು, ಎದ್ದು ಹೋದರೆ ಆಡಿಸಿಬಿಡುತ್ತಾರೆ ಎಂದು ಅವರ ಎಣಿಕೆ.

ಹಾಗಾದರೆ ಎರಡು ಡಜನ್ ನಿಂಬೆಹಣ್ಣು ಯಾಕೆ ಎಂದು ಕಾಕಾ ಎಲ್ಲರ ಪರವಾಗಿ ಕೇಳಿದರು. ಉಪ್ಪಿನಕಾಯಿಗೆ ಎಂದೆ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿ ವರ್ಷ ಆ ತಿಂಗಳಲ್ಲಿ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದೆವು. ಭರಣಿ ಖಾಲಿ ಇರುವುದು ನನಗೆ ಸರಿ ಕಾಣಲಿಲ್ಲ. ಇದನ್ನೆಲ್ಲ ಅಲ್ಲಿ ನಿಂತು ಹೇಳುವಂತಿರಲಿಲ್ಲ.

ಕಡೆಗೆ ಪ್ರಾಚಾರ್ಯರು, ಸಿಪಾಯಿ, ಕಾಕಾ ಮೂವರೂ ನಮ್ಮ ಮನೆಗೆ ಬಂದರು. ನಾನು ಭರಣಿಯ ಬಾಯಿ ಬಿಚ್ಚಿದೆ. ಹಿಂದಿನ ಸಂಜೆ ಹೆಚ್ಚಿ ಹಾಕಿದ ಹೋಳುಗಳಿದ್ದವು. ಕಾಕಾ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಆಮೇಲೆ ಹೊರಗೆ ಹೋಗಿ ಮಂದಿಗೆ ಹೇಳಿದರು. “ನಡೀರಿ, ಹೋಗೂಣು. ಉಪ್ಪು ಇಲ್ಲ, ಖಾರ ಇಲ್ಲ. ಇದು ಖರೇನ ಮಾಸ್ತರ ಹಾಕಿದ್ದು.”

ಮೆಣಸಿನಕಾಯಿ

ಆ ದಿನ ಸಂಜೆ ಪ್ರಾಚಾರ್ಯರು ಸೋತರು. ಪಟ್ಟಿ ಹಚ್ಚಿರಿ, ಆದರೆ ಲಿಖಿತ ತಕರಾರು ಒಂದು ಬಂದರೂ ಅಲ್ಲಿಗೆ ಮುಗಿಯಿತು, ಮತ್ತೆಂದೂ ಕೇಳಬೇಡಿ ಎಂದು ಕರಾರು ಹಾಕಿದರು. ನಾನು ಒಪ್ಪಿ ಉಳಿದ ಪಂದ್ಯಗಳ ಪಟ್ಟಿ ಹಚ್ಚಿದೆ.

ನಮ್ಮ ಮೈದಾನ ಕಾಲೇಜಿನದು ಎಂಬುದು ಕಾಗದದ ಮೇಲೆ ಮಾತ್ರ. ಸುಗ್ಗಿ ಬಂತೆಂದರೆ ಅದು ಮೆಣಸಿನಕಾಯಿಯದು. ಗಟ್ಟಿ ನೆಲ, ಎಲ್ಲೂ ನೆರಳಿಲ್ಲ. ಊರಿನ ಸಾವಕಾರರೊಬ್ಬರು ವರ್ಷವೂ ಅಲ್ಲೇ ಒಣಗಿಸುತ್ತಿದ್ದರು. ಪಟ್ಟಿ ನೋಡಿಕೊಂಡು ಪಂದ್ಯಕ್ಕೆ ಎರಡು ದಿನ ಮೊದಲು ಅವರು ಎತ್ತಬೇಕು, ಸಿಪಾಯಿ ನೀರು ಹೊಡೆದು ಕಸ ಗುಡಿಸಬೇಕು. ಇದು ನಡೆದುಬಂದ ಪದ್ಧತಿ.

ಆ ಹಂಗಾಮಿನ ದೊಡ್ಡ ಪಂದ್ಯ ಹದಿನಾಲ್ಕಕ್ಕಿತ್ತು. ಟಪಾಲು ಬಂದು ಅದು ಹನ್ನೊಂದಕ್ಕೆ ಸರಿಯಿತು. ನಾನೇ ಸಾವಕಾರರ ಮನೆಗೆ ಹೋಗಿ ತಿಳಿಸಿದೆ. ಮೂರು ದಿನ ಮೊದಲೇ ಎತ್ತಿಸಲು ನಿಮಗೆ ಯಾವ ದಲಾಲಿ ಹೇಳಿಕೊಟ್ಟ ಎಂದು ಕೇಳಿದರು. ಟಪಾಲು ತೋರಿಸಿದೆ. ಬಿಸಿಲಿಗೆ ಹಿಡಿದು ನೋಡಿ, ಅಂಚೆಯ ಸಿಕ್ಕಾ ಮಸುಕಾಗಿದೆ ಎಂದರು. ಹನ್ನೊಂದರ ಮಧ್ಯಾಹ್ನ ಎದುರಿನ ತಂಡ ಬಸ್ಸಿನಿಂದ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಆಳುಗಳನ್ನು ಕರೆದರು. ನೀರು ಹೊಡೆಯಲು ಹೊತ್ತಿರಲಿಲ್ಲ. ಒಣ ನೆಲವನ್ನೇ ಗುಡಿಸಿದರು.

ಎದುರಿನ ತಂಡದ ಮೊದಲ ಹುಡುಗ ಕಬಡ್ಡಿ ಕಬಡ್ಡಿ ಎನ್ನುತ್ತ ನಮ್ಮ ಅಂಗಳಕ್ಕೆ ಬಂದ. ನಾಲ್ಕನೇ ಕಬಡ್ಡಿಗೆ ಸೀನಿದ. ಉಸಿರು ತುಂಡಾದರೆ ಔಟು. ಎರಡನೆಯವನು ಎರಡನೇ ಕಬಡ್ಡಿಗೇ ಸೀನಿದ. ಮೂರನೆಯವನು ಮೂಗು ಹಿಡಿದುಕೊಂಡು ಬಂದ. ಅವನು ಕಬಡ್ಡಿ ಅನ್ನುತ್ತಿದ್ದಾನೋ ಇನ್ನೇನೋ ಅನ್ನುತ್ತಿದ್ದಾನೋ ಪಂಚರಿಗೆ ತಿಳಿಯಲಿಲ್ಲ. ಸೀಟಿ ಬಾಯಿಗಿಟ್ಟ ಪಂಚರೂ ಸೀನಿದರು. ಸೀಟಿ ತಾನೇ ಊದಿಕೊಂಡಿತು. ನಮ್ಮ ಹುಡುಗರು ಆ ಚಳಿಗಾಲವೆಲ್ಲ ಮೆಣಸಿನಕಾಯಿಯ ನಡುವೆಯೇ ಆಡಿದವರು. ಅವರಿಗೆ ಏನೂ ಆಗಲಿಲ್ಲ. ಎದುರಿನವರು ಸೀನಿ ಔಟಾದದ್ದು ಹದಿನಾರು ಸಲ. ನಾನು ಎಣಿಸಿದ್ದೆ.

ಆ ತಂಡದ ಜೊತೆಗೆ ಬಂದಿದ್ದವರು ಇತಿಹಾಸದ ಮಾಸ್ತರು. ಅಲ್ಲೇ ಕೂತು ತಕರಾರು ಬರೆದರು. ‘ಕಾರಣಗಳು’, ‘ಪರಿಣಾಮಗಳು’ ಎಂದು ಎರಡು ಭಾಗ. ತಾರೀಖನ್ನು ಬೇಕೆಂದೇ ಹಿಂದೆ ತಂದದ್ದು, ನೆಲವನ್ನು ಬೇಕೆಂದೇ ಒಣದಾಗಿ ಗುಡಿಸಿದ್ದು, ಆಟಗಾರರನ್ನು ಬೇಕೆಂದೇ ಚಿಕ್ಕಂದಿನಿಂದ ಮೆಣಸಿನಕಾಯಿಯಲ್ಲಿ ಬೆಳೆಸಿದ್ದು. ಕಡೆಯಲ್ಲಿ ಒಂದು ಬೇಡಿಕೆ: ಇನ್ನು ಮುಂದೆ ಮೈದಾನದಲ್ಲಿ ಏನು ಒಣಗುತ್ತಿರುತ್ತದೆ ಎಂಬುದನ್ನೂ ಪಟ್ಟಿಯಲ್ಲಿ ಮೊದಲೇ ತಿಳಿಸತಕ್ಕದ್ದು.

ಪಟ್ಟಿಯ ಕತೆ ಮುಗಿಯಿತು ಎಂದುಕೊಂಡು ನಾನು ಪ್ರಾಚಾರ್ಯರ ಎದುರಿಗೆ ನಿಂತೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. “ತಕರಾರು ಬಂದ್ರ ಪಟ್ಟಿ ಬಂದ್ ಅಂದಿದ್ದೆ. ಇವರು ತಕರಾರಿನ್ಯಾಗ ಪಟ್ಟಿ ಇನ್ನೂ ಉದ್ದ ಮಾಡ್ರಿ ಅಂತಾರಲ್ರೀ.”

ಎರಡು ಚೀಲ

ಮೂರನೇ ವರ್ಷದ ಪಟ್ಟಿಯಲ್ಲಿ ಹೊಸ ಕಾಲಂ ಹಾಕಿದೆ: ‘ಮೈದಾನದ ಸ್ಥಿತಿ’. ಪ್ರಾಚಾರ್ಯರು ಸಹಿ ಮಾಡುವಾಗ ಹಳೆಯ ಕರಾರನ್ನು ನೆನಪಿಸಿದರು. ಈ ಸಲ ತಕರಾರಿನಲ್ಲಿ ಏನೇ ಬರೆದಿರಲಿ, ಒಂದು ಬಂದರೆ ಪಟ್ಟಿ ಇಲ್ಲ. ಅದೇ ತಂಡದೊಡನೆ ನಮ್ಮಲ್ಲಿ ಪಂದ್ಯವಿತ್ತು. ಅದರ ಮುಂದೆ ‘ಮೆಣಸಿನಕಾಯಿ’ ಎಂದು ಬರೆದು ಅವರಿಗೊಂದು ಪ್ರತಿ ಕಳಿಸಿದೆ.

ಪಂದ್ಯಕ್ಕೆ ಒಂದು ತಿಂಗಳಿದ್ದಾಗ ಸಾವಕಾರರಿಗೆ ಹೊಸ ಅನುಮಾನ ಹುಟ್ಟಿತು. ಹುಡುಗರು ಬೇಕೆಂದೇ ಮೆಣಸಿನಕಾಯಿ ತುಳಿದು ಬೀಜ ಉದುರಿಸುತ್ತಾರೆ, ತೂಕ ಇಳಿಯುತ್ತದೆ ಎಂದು. ರಾಶಿಯನ್ನೆಲ್ಲ ತಮ್ಮ ಹಿತ್ತಲಿಗೆ ಸಾಗಿಸಿದರು. ನಾನು ಅಂದೇ ‘ಮೆಣಸಿನಕಾಯಿ ಇಲ್ಲ’ ಎಂಬ ತಿದ್ದುಪಡಿ ಚೀಟಿಯನ್ನು ಎದುರಿನ ತಂಡಕ್ಕೆ ಟಪಾಲು ಮಾಡಿದೆ. ಇತಿಹಾಸದ ಮಾಸ್ತರು ಅದನ್ನು ಓದಿದರು. ನಂಬಲಿಲ್ಲ.

ಪಂದ್ಯದ ದಿನ ಆ ತಂಡ ಬಸ್ಸಿನಿಂದ ಇಳಿದಾಗ ಎಲ್ಲರ ಕಣ್ಣೂ ಕೆಂಪಗಿದ್ದವು. ಎಂಟು ದಿನ ಬಾಗಿಲು ಹಾಕಿ, ಒಳಗೆ ಮೆಣಸಿನಕಾಯಿ ಹುರಿದು, ಆ ಘಾಟಿನಲ್ಲಿ ಉಸಿರು ಹಿಡಿಯುವುದನ್ನು ಕಲಿತು ಬಂದಿದ್ದರು. ಮೈದಾನ ನೋಡಿದರೆ ಸ್ವಚ್ಛ. ನೀರು ಹೊಡೆದು, ಗುಡಿಸಿ, ಸುಣ್ಣದ ಗೆರೆ ಎಳೆದಿತ್ತು. ಇತಿಹಾಸದ ಮಾಸ್ತರು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು. ಆಮೇಲೆ ಪಟ್ಟಿಯನ್ನು ನನ್ನ ಮುಂದೆ ಹಿಡಿದರು.

“ಇದರಾಗ ಮೆಣಸಿನಕಾಯಿ ಅಂತ ಐತಿ. ಎಲ್ಲೈತ್ರಿ ಮೆಣಸಿನಕಾಯಿ?”

ಚೀಟಿ ಕಳಿಸಿದ್ದೇನಲ್ಲ ಎಂದೆ. ಚೀಟಿಯ ಮೇಲೆ ತಾತ್ಪೂರ್ತಿಕ ಎಂದೂ ಇರಲಿಲ್ಲ, ಪಕ್ಕಾ ಎಂದೂ ಇರಲಿಲ್ಲ ಎಂದರು. ತಮ್ಮ ಹುಡುಗರ ಎಂಟು ದಿನದ ಕಷ್ಟವನ್ನು ನೀರುಪಾಲು ಮಾಡಲು ಹೂಡಿದ ಹೂಟ ಇದು ಎಂದರು. ಮಾತು ಮುಗಿಸಿ ಕುರ್ಚಿ ಎಳೆದು ಕೂತು ಪೆನ್ನಿನ ಮುಚ್ಚಳ ತೆಗೆದರು. ಆಚೆ ವರಾಂಡದಲ್ಲಿ ಪ್ರಾಚಾರ್ಯರು ಆ ಪೆನ್ನನ್ನೇ ನೋಡುತ್ತ ನಿಂತಿದ್ದರು.

ಬರೆಯಬೇಡಿ, ಅರ್ಧ ತಾಸು ಕೊಡಿ ಎಂದು ಕೇಳಿಕೊಂಡು ನಾನು ಸಾವಕಾರರ ಮನೆಗೆ ಓಡಿದೆ. ಎರಡು ಚೀಲ ಒಣ ಮೆಣಸಿನಕಾಯಿ ಬೇಕು, ಮೈದಾನದ ಮೇಲೆ ಹರವಬೇಕು, ಕೂಡಲೇ ಎತ್ತಬೇಕು, ಆಮೇಲೆ ನೀರು ಹಾಕದೆ ಗುಡಿಸಬೇಕು ಎಂದೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಹೋದ ವರ್ಷ ಎತ್ರಿ ಅಂತ ಬಂದ್ರಿ, ಈ ವರ್ಷ ಹರವ್ರಿ ಅಂತ ಬಂದೀರಿ. ಖರೇ ಹೇಳ್ರಿ ಮಾಸ್ತರ, ನೀವು ಯಾರ ಕಡೆ?”

“ಪಟ್ಟಿ ಕಡೆ” ಎಂದೆ.

ಮೆಣಸಿನಕಾಯಿ ಬಂತು. ಹರವಿದೆವು, ಎತ್ತಿದೆವು, ಗುಡಿಸಿದೆವು. ಇತಿಹಾಸದ ಮಾಸ್ತರು ಮತ್ತೊಮ್ಮೆ ಮಣ್ಣು ಮೂಸಿ, ತೃಪ್ತಿಯಿಂದ ಪೆನ್ನಿಗೆ ಮುಚ್ಚಳ ಹಾಕಿದರು. ಪಂದ್ಯ ಸುರುವಾಯಿತು. ಅವರ ಹುಡುಗರು ಗಾಳಿಯಲ್ಲಿ ಖಾರವೇ ಇಲ್ಲವೆಂಬಂತೆ ಓಡಾಡಿದರು. ನಮ್ಮ ಹುಡುಗರು ಒಂದು ತಿಂಗಳಿನಿಂದ ಸ್ವಚ್ಛ ಮೈದಾನದಲ್ಲಿ ಆಡಿ ರೂಢಿ ತಪ್ಪಿಸಿಕೊಂಡಿದ್ದರು. ನಮ್ಮ ನಾಯಕ ಮೂರನೇ ಕಬಡ್ಡಿಗೆ ಸೀನಿದ. ಅಲ್ಲಿಂದ ಮುಂದೆ ನಾನು ಎಣಿಸುವುದನ್ನು ಬಿಟ್ಟೆ.

ಆ ವರ್ಷ ನಾವು ಸೋತ ಪಂದ್ಯ ಅದೊಂದೇ. ಲಿಖಿತ ತಕರಾರು ಬರಲಿಲ್ಲ. ಪ್ರಾಚಾರ್ಯರು ನನ್ನ ಹತ್ತಿರ ಬಂದು, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ, ಪಟ್ಟಿ ಇನ್ನು ಪ್ರತಿ ವರ್ಷ ಹಚ್ಚಿರಿ, ನನ್ನನ್ನು ಕೇಳುವುದು ಬೇಡ ಎಂದು ಹೇಳಿ ಹೋದರು.

ಮಂದಿ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಮನೆಯ ಕಡೆ ನಡೆದಿತ್ತು. ಕಾಕಾ ಮಾತ್ರ ಫಲಕದ ಮುಂದೆ ನಿಂತು ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. ತಾರೀಖು ಸರಿ, ತಂಡ ಸರಿ, ಮೆಣಸಿನಕಾಯಿಯೂ ಸರಿ. ಹಾಳೆಯಲ್ಲಿ ಇದ್ದಂತೆಯೇ ಎಲ್ಲ ನಡೆದದ್ದನ್ನು ಅವರು ಮೊದಲ ಸಲ ಕಂಡಿದ್ದರು. ನಾನು ಬಾಜು ಹೋಗಿ ನಿಂತಾಗ ಕಣ್ಣೀರು ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟರು.

“ಅಗದಿ ಬರದಂಗ ಆತು ನೋಡ್ರಿ ಮಾಸ್ತರ. ನಾವು ಸೋಲೂದೊಂದು ಬರದಿದ್ದಿಲ್ಲ. ಮುಂದಿನ ವರ್ಷ ಅದಕ್ಕೂ ಒಂದು ಕಾಲಂ ಮಾಡ್ರಿ. ತಾತ್ಪೂರ್ತಿಕ ಇದ್ರೂ ನಡೀತೈತಿ.”